ಇನ್ನೂ ಕಟ್ಟದ ಮನೆಯ ನೆರಳು

ನನ್ನ ಅಕ್ಕನ ಮನೆಯ ಮಾಳಿಗೆಯನ್ನು ನಾನು ಹತ್ತಲಿಲ್ಲ. ಕಂಡವರ ಮಾಳಿಗೆ ಹತ್ತಿ ಇಳಿಯುವುದೇ ನನ್ನ ಹೊಟ್ಟೆಪಾಡು. ಅವಶ್ಯ ಹತ್ತಬೇಕಾಗಿದ್ದ ಆ ಒಂದು ಮಾಳಿಗೆಯನ್ನು ಮಾತ್ರ ಅಂಗಡಿಯ ಕುರ್ಚಿಯಲ್ಲಿ ಕುಳಿತು ನೆನಪಿನಲ್ಲೇ ಹತ್ತಿದೆ, ನೆನಪಿನಲ್ಲೇ ಅಳೆದೆ, ಸರ್ವೆ ಹಾಳೆಯಲ್ಲಿ ‘ನೆರಳಿಲ್ಲ’ ಎಂದು ಬರೆದೆ. ಅದರಿಂದ ಆದದ್ದನ್ನು ಇಲ್ಲಿ ಹೇಳುತ್ತೇನೆ. ನಾನು ಓದಿದ್ದು ಏಳನೆಯ ತರಗತಿಯವರೆಗೆ. ಮಾತು ಎಲ್ಲಾದರೂ ಸೊಟ್ಟಗಾದರೆ ಓದುವವರು ನೆಟ್ಟಗೆ ಮಾಡಿಕೊಳ್ಳಬೇಕು.

ಅದು 2024ನೆಯ ಇಸವಿ. ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಓಣಿಯಲ್ಲಿ ಒಂದು ಸೋಲಾರ್ ಅಂಗಡಿ. ಅಲ್ಲಿ ನಾನು ಸರ್ವೆ ಮಾಡುವವನು. ಅದಕ್ಕೂ ಮೊದಲು ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದೆ. ಆಮೇಲೆ ಬಿಸಿನೀರಿನ ಸೋಲಾರ್ ಕೂಡಿಸುವುದನ್ನು ಕಲಿತೆ. ಅಲ್ಲಿಂದ ಕರೆಂಟಿನ ಸೋಲಾರಿಗೆ ಬಂದೆ. ಆ ವರ್ಷದ ಆರಂಭದಲ್ಲಿ ಕೇಂದ್ರ ಸರ್ಕಾರ ಮನೆ ಮಾಳಿಗೆಯ ಸೋಲಾರಿಗೆ ಹೊಸ ಸಬ್ಸಿಡಿ ಸಾರಿತು. ಒಂದು ಕಿಲೋವ್ಯಾಟ್ ಹಾಕಿಸಿದರೆ ಮೂವತ್ತು ಸಾವಿರ, ಎರಡಕ್ಕೆ ಅರವತ್ತು ಸಾವಿರ, ಮೂರು ಅಥವಾ ಅದಕ್ಕಿಂತ ಹೆಚ್ಚಿಗೆ ಎಪ್ಪತ್ತೆಂಟು ಸಾವಿರ. ಅಂಗಡಿಯ ಮುಂದೆ ಆಟೋಗಳ ನಡುವೆ ಜನ ಕರೆಂಟ್ ಬಿಲ್ಲು ಹಿಡಿದು ನಿಲ್ಲತೊಡಗಿದರು.

ಬಂದವರಿಗೆಲ್ಲ ನಾನು ಒಂದೇ ಪಾಠ ಒಪ್ಪಿಸುತ್ತಿದ್ದೆ. ಬಿಲ್ಲಿನ ಮೇಲೆ ಆರ್.ಆರ್. ನಂಬರ್ ಎಂದು ಇರುತ್ತದೆ. ಅದು ನಿಮ್ಮ ಮೀಟರಿನ ಹೆಸರು ಇದ್ದಹಾಗೆ. ಆ ಮೀಟರ್ ಯಾರ ಹೆಸರಿನಲ್ಲಿದೆಯೋ ಅವರೇ ಅರ್ಜಿ ಹಾಕಬೇಕು. ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ ಮೊದಲು ಬದಲಿಸಿಕೊಂಡು ಬನ್ನಿ. ಪ್ಯಾನೆಲ್ ಕೂಡಿಸಿದ ಮೇಲೆ ವಿದ್ಯುತ್ ಇಲಾಖೆಯವರು ನೋಡಿ ನೆಟ್ ಮೀಟರ್ ಹಾಕುತ್ತಾರೆ. ನೀವು ಬಳಸಿ ಉಳಿದ ಕರೆಂಟು ಊರಿನ ತಂತಿಗೆ ಹೋಗುತ್ತದೆ, ಬೇಕಾದಾಗ ಅಲ್ಲಿಂದ ಬರುತ್ತದೆ, ಎರಡರ ಲೆಕ್ಕವನ್ನೂ ಆ ಮೀಟರ್ ಇಡುತ್ತದೆ. ಇದೆಲ್ಲ ಮುಗಿದ ಮೇಲೆ ಸಬ್ಸಿಡಿ ನಿಮ್ಮ ಖಾತೆಗೆ ಬರುತ್ತದೆ. ಮೊದಲು ಕೈಯಿಂದ ಹಾಕಬೇಕು, ಆಮೇಲೆ ಸರ್ಕಾರ ಕೊಡುತ್ತದೆ. ಈ ಕೊನೆಯ ಮಾತು ಯಾರಿಗೂ ರುಚಿಸುತ್ತಿರಲಿಲ್ಲ.

ಖೂಬಾ ಪ್ಲಾಟ್ ಬಡಾವಣೆಯ ಒಬ್ಬ ನಿವೃತ್ತ ಮಾಸ್ತರರು ನನ್ನನ್ನು ಬಿಸಿಲಲ್ಲೇ ನಿಲ್ಲಿಸಿಕೊಂಡು ವಾದ ಮಾಡಿದರು.

“ಇನ್ನೂರು ಯೂನಿಟ್ ತನಕ ರಾಜ್ಯ ಸರ್ಕಾರನೇ ಪುಕ್ಕಟೆ ಕೊಡ್ತದ. ಮತ್ತ ಸೂರ್ಯಗ ಯಾಕ ತ್ರಾಸ್ ಕೊಡೋದು?”

“ನಿಮ್ಮ ಬಿಲ್ಲಿನಾಗ ಮುನ್ನೂರು ದಾಟ್ಯಾವಲ್ರಿ ಸರ್. ಇನ್ನೂರು ದಾಟಿದ್ರ ಪೂರಾ ಬಿಲ್ ನಿಮ್ಮದೇ.”

“ಅದು ನಮ್ಮಾಕೀ ಎ.ಸಿ. ಅದಕ್ಕೂ ನನಗೂ ಸಂಬಂಧ ಇಲ್ಲ.”

ಒಳಗಿನಿಂದ ಅವರ ಹೆಂಡತಿಯ ದನಿ ಬಂತು: “ಸಂಬಂಧ ಇಲ್ಲದವ್ರು ಮಧ್ಯಾಹ್ನ ಅದೇ ಖೋಲ್ಯಾಗ ಯಾಕ ಮಲಗ್ತೀರಿ, ಕೇಳ್ರಿ ಅವರ್ನ.”

ಅವರ ಮಾಳಿಗೆಗೆ ಮೂರು ಕಿಲೋವ್ಯಾಟ್ ಹಾಕಿದೆವು.

ಆ ಬೇಸಿಗೆಯ ದಿನಗಳು ನನ್ನ ತಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. ಮೆಟ್ಟಿಲು ಹತ್ತಿ ತಲೆ ಹೊರಗೆ ಹಾಕಿದರೆ ಊರೆಲ್ಲ ಬಿಳಿ. ನೀರಿನ ಟ್ಯಾಂಕುಗಳು, ಮಸೀದಿಯ ಮಿನಾರು, ಒಣಗಲು ಹಾಕಿದ ಸಂಡಿಗೆ, ದೂರದಲ್ಲಿ ಕೋಟೆಯ ಗೋಡೆ, ಎಲ್ಲ ಬಿಸಿಲಿನ ಝಳದಲ್ಲಿ ನೀರಿನೊಳಗೆ ಇಟ್ಟಂತೆ ಅಲುಗುತ್ತಿದ್ದವು. ಕೆಳಗೆ ಬಜಾರಿನ ಗದ್ದಲ ಇದ್ದರೂ ಮೇಲೆ ಅದು ಯಾರೋ ನಿದ್ದೆಯಲ್ಲಿ ಮಾತಾಡಿದ ಹಾಗೆ ಕೇಳುತ್ತಿತ್ತು. ಟೇಪು ಹಿಡಿದು ಒಂದು ಮಾಳಿಗೆಯ ಮೂಲೆಯಲ್ಲಿ ನಿಂತವನಿಗೆ ಕೆಲವೊಮ್ಮೆ ತಾನು ಯಾವ ಮನೆಯ ಮೇಲಿದ್ದೇನೆ ಎಂಬುದೇ ಮರೆತುಹೋಗುತ್ತಿತ್ತು.

ಹಾಗೆ ಮರೆತು ನಿಂತರೂ ಒಂದನ್ನು ಮಾತ್ರ ನಾನು ಮರೆಯುತ್ತಿರಲಿಲ್ಲ: ನೆರಳು. ಈ ಕೆಲಸದಲ್ಲಿ ಬಿಸಿಲು ನೋಡಲು ಯಾರಿಗಾದರೂ ಬರುತ್ತದೆ, ಸರ್ವೆಯವನು ನೋಡಬೇಕಾದದ್ದು ನೆರಳು. ಪ್ಯಾನೆಲ್‌ಗಳನ್ನು ಒಂದರ ಹಿಂದೊಂದು ತಂತಿಯಿಂದ ಪೋಣಿಸಿರುತ್ತೇವೆ. ಒಂದರ ಮೇಲೆ ನೆರಳು ಬಿದ್ದರೆ ಅದು ಮಿಕ್ಕವನ್ನೂ ಎಳೆದು ನಿಲ್ಲಿಸುತ್ತದೆ, ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ಒಂದು ಕುಂಟಿದ ಹಾಗೆ. ಮೇ ತಿಂಗಳಲ್ಲಿ ನಮ್ಮ ಊರಿನಲ್ಲಿ ಸೂರ್ಯ ನೆತ್ತಿಯ ಮೇಲೆ ಇರುತ್ತಾನೆ; ಆಗ ಮಧ್ಯಾಹ್ನ ಗೋಡೆಗೂ ನೆರಳಿರುವುದಿಲ್ಲ. ಅದೇ ಸೂರ್ಯ ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿ ಕೆಳಗೆ ಇಳಿದು ಬರುತ್ತಾನೆ. ಆಗ ಪಕ್ಕದ ಮನೆಯ ಗೋಡೆ ಉದ್ದಕ್ಕೆ ಕಾಲು ಚಾಚಿ ನಮ್ಮ ಮಾಳಿಗೆಯ ಮೇಲೆ ಮಲಗುತ್ತದೆ. ಮೇ ತಿಂಗಳಲ್ಲಿ ನಿಂತು ಡಿಸೆಂಬರನ್ನು ನೋಡುವುದು ನಮ್ಮ ಕಸುಬು.

ಇನ್ನೊಂದು ನೋಡುವುದೂ ಇದೆ. ನಮ್ಮ ಜನ ಮನೆ ಕಟ್ಟಿ ಮುಗಿಸುವುದೇ ಇಲ್ಲ. ಕಂಬದ ತುದಿಯಲ್ಲಿ ಕಬ್ಬಿಣದ ಸರಳುಗಳನ್ನು ಹಾಗೇ ಬಿಟ್ಟಿರುತ್ತಾರೆ. ಮುಂದೆ ಕೈಯಲ್ಲಿ ರೊಕ್ಕ ಬಂದಾಗ ಮೇಲೊಂದು ಅಂತಸ್ತು ಎಬ್ಬಿಸುವ ಆಸೆ ಅದು. ಪಕ್ಕದ ಮನೆಯಲ್ಲಿ ಅಂಥ ಸರಳು ಕಂಡರೆ, ಅಲ್ಲಿ ಇನ್ನೂ ಕಟ್ಟದ ಗೋಡೆ ನಿಂತಿದೆ ಎಂದೇ ತಿಳಿದು ಅದರ ನೆರಳನ್ನು ಲೆಕ್ಕ ಹಾಕಬೇಕು. ಗಾಜಿಪುರದ ಒಬ್ಬ ದರ್ಜಿಯ ಮಾಳಿಗೆಯ ಮೇಲೆ ನಾನು ಹೀಗೆ ಇಲ್ಲದ ಮನೆಯ ನೆರಳನ್ನು ಸುಣ್ಣದಿಂದ ಗೆರೆ ಎಳೆದು ತೋರಿಸಿದ್ದೆ. “ಕಾಣದ್ದನ್ನೂ ಕಾಣ್ತೀಯಪ್ಪ ನೀ” ಎಂದು ಅವನು ನಕ್ಕಿದ್ದ. ನನಗೂ ಹೆಮ್ಮೆಯಾಗಿತ್ತು.

ನಮ್ಮ ಅಕ್ಕನ ಹೆಸರು ಜಗದೇವಿ. ಗಂಡ ತೀರಿದ ಮೇಲೆ ಕಮಲಾಪುರದ ತವರುಮನೆಗೆ ಬಂದು ನಮ್ಮ ಅವ್ವನನ್ನು ಕೊನೆಯವರೆಗೂ ನೋಡಿಕೊಂಡವಳು. ಅವ್ವ ಬದುಕಿದ್ದಾಗಲೇ ಮನೆಯನ್ನೂ ಮೀಟರನ್ನೂ ಅವಳ ಹೆಸರಿಗೆ ಮಾಡಿದ್ದಳು. ನಾನು ಶಾಲೆ ಬಿಟ್ಟು ಕಲಬುರಗಿಗೆ ಓಡಿಬಂದಾಗ ಬಸ್ ಸ್ಟ್ಯಾಂಡಿಗೆ ಬಂದು ಕೈಗೆ ಬುತ್ತಿ ಕೊಟ್ಟವಳೂ ಅವಳೇ. ಅಕ್ಕ ಮನೆಯಲ್ಲೇ ಹೆಂಗಸರ ಜಂಪರ್, ರವಿಕೆ ಹೊಲಿಯುತ್ತಾಳೆ. ಕರೆಂಟಿನ ಎರಡು ಮಷೀನು, ಇಸ್ತ್ರಿ, ಬೇಸಿಗೆಗೆ ಕೂಲರ್. ಅವಳ ಬಿಲ್ಲು ಇನ್ನೂರು ದಾಟುತ್ತಿತ್ತು. ಏಪ್ರಿಲ್‌ನಲ್ಲಿ ಫೋನ್ ಮಾಡಿದಳು.

“ಬಂಡೂ, ಊರ ಮಂದಿಗೆಲ್ಲ ಸೂರ್ಯನ ಹಂಚಲಾಕತ್ತೀಯಂತ. ನಿನ್ನ ಅಕ್ಕನ ಮನಿ ಮ್ಯಾಲ ಅವ ಬರಲ್ಲೇನು?”

“ಬರ್ತಾನ. ನೀ ಹೂಂ ಅನ್ನು ಸಾಕು.”

“ನೀ ಬಂದು ನೋಡ್ತೀಯಲ್ಲ?”

“ನಮ್ಮ ಮಾಳಗಿ ನನಗ ಗೊತ್ತಿಲ್ಲೇನು? ನೋಡೋದೇನದ ಅದರಾಗ.”

ಬಂದು ನೋಡುತ್ತೇನೆ ಎನ್ನಬಹುದಿತ್ತು. ಕಮಲಾಪುರ ಎಷ್ಟು ದೂರ? ಬೈಕಿಗೆ ಒಂದು ತಾಸು ಸಹ ಬೇಡ. ಆದರೆ ದಿನಕ್ಕೆ ನಾಲ್ಕೈದು ಮನೆಗಳು ಕಾಯುತ್ತಿದ್ದವು, ಬಂದವರಿಗೆಲ್ಲ ಅವಸರ. ಅದಕ್ಕಿಂತ ಹೆಚ್ಚಾಗಿ, ಆ ಮಾಳಿಗೆ ನನಗೆ ಅಂಗೈಯಂತೆ ಗೊತ್ತು ಎಂದೇ ನಂಬಿದ್ದೆ. ಅದು ಪರಸಿ ಹಾಸಿದ ಮಾಳಿಗೆ, ಕಬ್ಬಿಣದ ತೊಲೆಗಳ ಮೇಲೆ ಶಹಾಬಾದಿನ ಕಲ್ಲಿನ ಹಲಗೆಗಳು. ಬೇಸಿಗೆಯಲ್ಲಿ ಸಂಜೆ ಅದಕ್ಕೆ ನೀರು ಚೆಲ್ಲಿದರೆ ಕಲ್ಲು ಉಸಿರು ಬಿಟ್ಟಂತೆ ಹಬೆ ಏಳುತ್ತಿತ್ತು. ಉತ್ತರದ ಗೋಡೆಯ ಪಕ್ಕ ಅವ್ವನ ಹಾಸಿಗೆ, ಈಚೆ ಬದಿಗೆ ಅಕ್ಕ, ನಡುವೆ ನಾನು. ದಕ್ಷಿಣಕ್ಕೆ ಏನೂ ಇರಲಿಲ್ಲ. ಪಕ್ಕದವರ ತಗಡಿನ ಕೊಟ್ಟಿಗೆ, ಅದರಾಚೆ ಬಾಳೆಯ ತೋಟ, ಅದರಾಚೆ ಆಕಾಶ. ಕಣ್ಣು ಬಿಟ್ಟಾಗ ಕೆಂಪು ಬಾಳೆಯ ಎಲೆಗಳ ಮೇಲೆ ಬೆಳಗು ಇಳಿಯುತ್ತಿರುತ್ತಿತ್ತು. ಆ ಮಾಳಿಗೆ ನೆನಪಿನಲ್ಲಿ ಪ್ರತಿ ವರ್ಷ ಇನ್ನಷ್ಟು ದೊಡ್ಡದಾಗುತ್ತ, ಇನ್ನಷ್ಟು ಬೆಳಕಾಗುತ್ತ ಹೋಗಿತ್ತು. ಅವ್ವ ಹೋದ ಮೇಲೆ ಅಕ್ಕನ ಮನೆಗೆ ಹೋದಾಗಲೆಲ್ಲ ಅಂಗಳದಲ್ಲೇ ಚಹಾ ಕುಡಿದು ತಿರುಗಿ ಬರುತ್ತಿದ್ದೆ. ಮೇಲೆ ಹತ್ತಿ ಎಷ್ಟು ವರ್ಷವಾಗಿತ್ತೋ.

ಆ ನೆನಪನ್ನೇ ಸರ್ವೆ ಹಾಳೆಗೆ ಇಳಿಸಿದೆ. ಮೂರು ಕಿಲೋವ್ಯಾಟ್, ಆರು ಪ್ಯಾನೆಲ್. ದಕ್ಷಿಣದ ಅಂಚಿಗೆ ಇಡಬೇಕು, ಉತ್ತರದ ಕಡೆ ಮಲಗಲು ಜಾಗ ಬಿಡಬೇಕು. ನೆರಳು: ಇಲ್ಲ.

ಕೂಡಿಸಲು ಹೋದವನು ರಶೀದ್ ಭಾಯ್. ನಮ್ಮ ಅಂಗಡಿಯ ಹಿರಿಯ ಫಿಟ್ಟರ್, ನನಗೆ ಈ ಕೆಲಸ ಕಲಿಸಿದವನು. ಮೇ ತಿಂಗಳ ಒಂದು ಮಧ್ಯಾಹ್ನ ಅಕ್ಕನ ಮಾಳಿಗೆಯ ಮೇಲಿನಿಂದಲೇ ಫೋನ್ ಮಾಡಿದ.

“ಬಂಡು ಭಾಯ್, ದಕ್ಷಿಣಕ್ಕ ತಗಡು ಗಿಗಡು ಏನಿಲ್ಲ ಮಿಯಾ. ಪಾಯಾ ಹಾಕಿ ಕಂಬ ಎಬ್ಬಿಸ್ಯಾರ. ಸರಳು ನಿಂತಾವ, ಮಸ್ತ್ ಉದ್ದ ಅವ. ಎಷ್ಟು ಅಂತಸ್ತು ಕಟ್ತಾರ, ಅಕ್ಕನ ಕೇಳಿ ಹೇಳು.”

“ಅವ್ರು ಕಟ್ಟೋ ಮಂದಿ ಅಲ್ಲ ಬಿಡು. ಹತ್ತು ವರ್ಷ ಹಂಗೇ ನಿಂತಿರ್ತಾವ. ಇಟ್ಟುಬಿಡು.”

“ನೋಡು ಮತ್ತ. ಸರ್ವೆ ನಿಂದು. ಮನಿನೂ ನಿಂದು.”

“ಇಡು ಭಾಯ್, ಇನ್ನ ಎರಡು ಸೈಟ್ ಬಾಕಿ ಅವ.”

ಅಕ್ಕ ಆಗ ಕೆಳಗೆ ಅವನಿಗೆಂದೇ ಮಜ್ಜಿಗೆ ಕಡೆಯುತ್ತಿದ್ದಳಂತೆ. ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದಳು. ನಾನು ಕೇಳಲಿಲ್ಲ. ಇಲಾಖೆಯವರು ಬಂದು ತಂತಿ, ಅರ್ಥಿಂಗ್ ಎಲ್ಲ ನೋಡಿ ಸರಿ ಎಂದರು, ನೆಟ್ ಮೀಟರ್ ಕೂತಿತು. ಅವರ ತಪ್ಪೇನೂ ಇಲ್ಲ. ಆ ದಿನ ಆ ಮಾಳಿಗೆಯ ಮೇಲೆ ಎಲ್ಲೂ ನೆರಳಿರಲಿಲ್ಲ. ಬರಲಿದ್ದ ನೆರಳನ್ನು ನೋಡುವುದು ನನ್ನ ಕೆಲಸವಾಗಿತ್ತು.

ಮಳೆಗಾಲದ ಹೊತ್ತಿಗೆ ಸಬ್ಸಿಡಿ ಅಕ್ಕನ ಖಾತೆಗೆ ಬಂತು. ಪ್ಯಾನೆಲ್ಲಿಗೆಂದು ಅವಳು ಬ್ಯಾಂಕಿನಲ್ಲಿ ಸಾಲ ಮಾಡಿದ್ದಳು. ಬಂದ ಹಣವನ್ನು ಸಾಲಕ್ಕೆ ತುಂಬುತ್ತೇನೆ ಎಂದಳು. ನಾನೇ ಬೇಡವೆಂದೆ. “ಬಿಲ್ ಉಳಿತದಲ್ಲ, ಕಂತು ಅದರಾಗೇ ಹೋಗ್ತದ. ಈ ರೊಕ್ಕದಾಗ ಕಸೂತಿ ಮಷೀನ್ ತಗೋ” ಎಂದೆ. ಕಂಪ್ಯೂಟರಿನಲ್ಲಿ ಚಿತ್ರ ಹಾಕಿದರೆ ತಾನೇ ಬಟ್ಟೆಯ ಮೇಲೆ ಹೂವು ಬಳ್ಳಿ ಹೊಲಿಯುವ ಮಷೀನು ಅದು. ಅಕ್ಕ ಅದನ್ನು ಕಲಬುರಗಿಯ ಒಂದು ಅಂಗಡಿಯ ಗಾಜಿನ ಹಿಂದೆ ನೋಡಿ ಎಷ್ಟೋ ವರ್ಷದಿಂದ ಕನಸು ಕಂಡಿದ್ದಳು. ತೆಗೆದುಕೊಂಡಳು. ಮದುವೆಯ ಜಂಪರುಗಳು ಬರತೊಡಗಿದವು. ಬಿಲ್ಲು ಇಲ್ಲವೇ ಇಲ್ಲ ಎನ್ನುವಷ್ಟಾಯಿತು. ಸಂಜೆ ಫೋನ್ ಮಾಡಿ ಹೇಳುತ್ತಿದ್ದಳು:

“ಮೀಟರ್ ಮುಂದ ಕುಂತು ನೋಡ್ತೀನಿ ಬಂಡೂ. ಬಾಣದ ಗುರುತು ಹೊರಗ ತೋರಸ್ತದ. ನಮ್ಮ ಮನಿ ಕರೆಂಟು ಊರಾಗ ತಿರಗ್ಲಾಕ ಹೋಗ್ಯಾದ ಅನಸ್ತದ. ಯಾರ ಮನ್ಯಾಗ ದೀಪಾಗಿ ಕುಂತದೋ ಏನೋ.”

ನಾನು ಅದನ್ನು ಕೇಳುತ್ತ ಅಂಗಡಿಯ ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದೆ. ಅವ್ವನಿಗೆ ನಾನು ಮಾಡದೆ ಉಳಿದದ್ದೆಲ್ಲ ಇದರಲ್ಲಿ ತೀರಿತು ಎಂದು ಆಗ ಅನ್ನಿಸುತ್ತಿತ್ತು.

ದೀಪಾವಳಿ ಕಳೆದ ಮೇಲೆ ಫೋನಿನ ದನಿ ಬದಲಾಯಿತು.

“ಬಿಲ್ ಬಂದದ. ಮೊದಲಿನಂಗ.”

“ಪ್ಯಾನೆಲ್ ಒರಸ್ಲಾಕತ್ತೀ ಇಲ್ಲೋ?”

“ಎಂಟು ದಿನಕ್ಕೊಮ್ಮೆ.”

“ಸಾಲಂಗಿಲ್ಲ. ಧೂಳಿನ ದಿನ ಅವ. ದಿನಾ ಒರಸು.”

ಧೂಳು ಇತ್ತು, ಅದು ಸುಳ್ಳಲ್ಲ. ನಮ್ಮ ಸೀಮೆಯಲ್ಲಿ ತೊಗರಿಯ ರಾಶಿ ಶುರುವಾದರೆ ಹೊಟ್ಟು ಗಾಳಿಯಲ್ಲಿ ಹಾರಿ ಎಲ್ಲದರ ಮೇಲೂ ಕೂರುತ್ತದೆ. ಆದರೆ ಧೂಳು ಕರೆಂಟನ್ನು ಒಂದಿಷ್ಟು ತಿನ್ನುತ್ತದೆ, ಅರ್ಧಕ್ಕರ್ಧ ತಿನ್ನುವುದಿಲ್ಲ. ಬೇರೆ ಗಿರಾಕಿ ಹೀಗೆ ಹೇಳಿದ್ದರೆ ಮರುದಿನ ಹೋಗಿ ನೋಡುತ್ತಿದ್ದೆ. ಅಕ್ಕನಿಗೆ ಬಾಯಲ್ಲೇ ಔಷಧ ಹೇಳಿದೆ. ಮುಂದಿನ ತಿಂಗಳು ಮತ್ತೆ ಬಿಲ್ಲು ಬಂತು, ಮತ್ತೆ ಫೋನ್ ಬಂತು. ಆಗ ನಾನು ಆಡಿದ ಮಾತು ಇಂದಿಗೂ ಕಿವಿಯಲ್ಲಿದೆ.

“ಅಕ್ಕಾ, ಊರೆಲ್ಲ ಹಾಕ್ಯಾರ, ಯಾರಿಗೂ ಇಲ್ಲದ್ದು ನಿನಗೊಬ್ಬಾಕಿಗೇ ಯಾಕ? ನೀ ಸರಿ ಒರಸವಲ್ಲಿ. ಬಿಸಿಲೇರೋಕಿಂತ ಮೊದಲ ಎದ್ದು ನೀರು ಹಾಕಿ ಒರಸು.”

“ಹೌದು ಬಿಡು. ನನ್ನ ಕೈಯೇ ಸಾಲವಲ್ದು” ಎಂದಳು.

ಆ ವರ್ಷ ಎಳ್ಳ ಅಮಾವಾಸ್ಯೆ ಡಿಸೆಂಬರಿನ ಕೊನೆಗೆ ಬಂತು. ನಮ್ಮ ಕಡೆ ಅಂದು ಎಲ್ಲರೂ ಹೊಲಕ್ಕೆ ಹೋಗಿ ಸಜ್ಜಿರೊಟ್ಟಿ, ಹಸಿ ಕಾಳು ತರಕಾರಿ ಕೂಡಿಸಿ ಕುದಿಸಿದ ಭಜ್ಜಿ ಉಣ್ಣುತ್ತಾರೆ. ನಮಗೆ ಹೊಲವಿಲ್ಲ, ಸೋದರಮಾವನ ಹೊಲಕ್ಕೆ ಅಕ್ಕನನ್ನು ಕರೆದುಕೊಂಡು ಹೋಗಲು ಬೆಳಿಗ್ಗೆಯೇ ಬೈಕಿನಲ್ಲಿ ಹೊರಟೆ. ಹಾದಿಯುದ್ದಕ್ಕೂ ತೆಳ್ಳಗೆ ಮಂಜು. ಬುತ್ತಿ ಹೊತ್ತ ಜನ ಅದರೊಳಗಿಂದ ಮೂಡಿ ಬಂದು ಮತ್ತೆ ಅದರೊಳಗೇ ಕರಗುತ್ತಿದ್ದರು. ಕಮಲಾಪುರ ಸೇರಿದಾಗ ಮಂಜು ಹರಿದು ಎಳೆ ಬಿಸಿಲು ಬಂದಿತ್ತು.

ಅಕ್ಕನ ಮನೆಯ ಬಾಗಿಲು ತೆರೆದೇ ಇತ್ತು. ಪಡಸಾಲೆಯಲ್ಲಿ ಕಸೂತಿ ಮಷೀನಿಗೆ ಹಳೆಯ ಧೋತರ ಹೊದಿಸಿ ಹಗ್ಗ ಕಟ್ಟಿತ್ತು.

“ಅಕ್ಕಾ?”

“ಮ್ಯಾಲಿದೀನಿ. ಹತ್ತಿ ಬಾ.”

ಎಷ್ಟೋ ವರ್ಷದ ಮೇಲೆ ಆ ಕಲ್ಲಿನ ಮೆಟ್ಟಿಲು ಹತ್ತಿದೆ. ಹತ್ತಿ ನಿಂತವನಿಗೆ ಒಂದು ಗಳಿಗೆ ಬೇರೆ ಯಾರದೋ ಮನೆಗೆ ಬಂದೆನೇ ಎನ್ನಿಸಿತು. ಬಾಳೆಯ ತೋಟ ಇರಲಿಲ್ಲ, ಆಕಾಶವೂ ಇರಲಿಲ್ಲ. ದಕ್ಷಿಣದ ತುಂಬ ಗಿಲಾವು ಮಾಡದ ಹೊಸ ಇಟ್ಟಿಗೆಯ ಗೋಡೆ, ಅದರ ಮೇಲೆ ಇನ್ನೊಂದು ಅಂತಸ್ತು, ಅದರ ಮೇಲೆ ನೀರಿನ ಟ್ಯಾಂಕು. ಅದರ ನೆರಳು ನೀಲಿ ಕೌದಿಯಂತೆ ನಮ್ಮ ಮಾಳಿಗೆಯ ಅರ್ಧದ ಮೇಲೆ ಹಾಸಿಕೊಂಡಿತ್ತು. ಆರೂ ಪ್ಯಾನೆಲ್ ಅದರೊಳಗೆ. ಉತ್ತರದ ಕಡೆ, ನಾವು ಮಲಗುತ್ತಿದ್ದ ಜಾಗದಲ್ಲಿ, ಹಾಲು ಚೆಲ್ಲಿದಂಥ ಬಿಸಿಲು.

ಆ ನೆರಳಿನ ನಡುವೆ ಅಕ್ಕ ಮೊಣಕಾಲೂರಿ ಪ್ಯಾನೆಲ್ ಒರೆಸುತ್ತಿದ್ದಳು. ತಣ್ಣೀರಿಗೆ ಬೆರಳುಗಳು ಬಿಳಿಚಿಕೊಂಡಿದ್ದವು. ಗಾಜು ಎಷ್ಟು ಸ್ವಚ್ಛವಾಗಿತ್ತೆಂದರೆ ಅವಳ ಮುಖ ಅದರಲ್ಲಿ ಕಾಣುತ್ತಿತ್ತು.

“ಮುಂಜಾನೆ ಒಮ್ಮೆ ಒರಸ್ತೀನಿ, ಮಧ್ಯಾಹ್ನ ಒಮ್ಮೆ” ಎಂದಳು. “ಸಂಜಿಗೂ ಒರಸ್ಲೇನು?”

“ಈ ಮನಿ ಯಾವಾಗ ಎದ್ದದ?”

“ಬಾಜೂ ಮನಿ ಖಾಜಾಬೀದಾ? ಆಕಿ ಗಂಡ ತಗಡು ಕೆಡವಿ ಬ್ಯಾಸಗಿಗೇ ಶುರು ಮಾಡಿದ್ದ. ಶ್ರಾವಣದಾಗ ಸ್ಲ್ಯಾಬ್ ಹಾಕಿದ್ರು. ಆ ದಿನ ಓಣಿಗೆಲ್ಲ ಮೀಠಾ ಕಳಿಸಿದ್ರು. ನಿನಗ ಹೇಳಿದ್ನಲ್ಲ?”

ಹೇಳಿದ್ದಳು. ಮೀಟರಿನ ಮಾತಿನ ನಡುವೆ ಎಂದೋ ಹೇಳಿದ್ದಳು. ಸಿಹಿಯ ಸುದ್ದಿ ಎಂದು ಕೇಳಿಸಿಕೊಂಡಿದ್ದೆ.

“ಯಾಕ ಹಂಗ ನಿಂತಿ? ನಾ ಒರಸೋದ್ರಾಗ ಏನರ ತಪ್ಪದೇನು?”

ಅಲ್ಲಿಯೇ ಹೇಳಬೇಕಿತ್ತು. ಬಾಯಿ ತೆರೆದೆ, ಮಾತು ಬೇರೆಯೇ ಬಂತು. “ಕಂಪನಿಯವರು ಡಿಸೈನ್ ಬದಲಾಯಿಸ್ಯಾರ. ಇವುನ್ನ ಆ ಕಡಿಗೆ ಎತ್ತರಕ್ಕ ಹಾಕಬೇಕಂತ.”

“ನನಗ ಖರ್ಚು?”

“ಏನಿಲ್ಲ. ಕೆಳಗ ಮಷೀನ್ ಯಾಕ ಕಟ್ಟೀದಿ?”

ಅಕ್ಕ ಬಟ್ಟೆ ಹಿಂಡಿದಳು. “ಹುಮನಾಬಾದಿನವರು ಕೊಂಡಾರ, ನಾಡಿದ್ದು ಬಂದು ಒಯ್ತಾರ. ಕಂತೂ ಕಟ್ಟಬೇಕು, ಬಿಲ್ಲೂ ಕಟ್ಟಬೇಕು. ಎರಡೂ ಕೈಗೆ ಹತ್ತವಲ್ದು. ಇರ್ಲಿ, ನಾಕು ತಿಂಗಳು ಹೊಲದೆ. ಕೈಗೆ ಅದರ ರುಚಿ ಸಿಕ್ತು.”

“ಬರಬ್ಯಾಡ್ರಿ ಅಂತ ಹೇಳು ಅವರಿಗೆ.”

ಆ ದಿನ ಹೊಲದಲ್ಲಿ ಏನು ಉಂಡೆನೋ ನೆನಪಿಲ್ಲ. ಮಾವ ಬದುವಿನ ಮೇಲೆ ಕುಳಿತು ಏನೇನೋ ಹೇಳುತ್ತಿದ್ದ. ನನ್ನ ಕಣ್ಣು ಹೊಲದ ಮರಗಳ ನೆರಳು ಸರಿಯುವುದನ್ನೇ ನೋಡುತ್ತಿತ್ತು.

ಸಂಕ್ರಾಂತಿಯ ಮೊದಲೇ ರಶೀದ್ ಭಾಯನನ್ನು ಕರೆದುಕೊಂಡು ಹೋದೆ. ಅವನು ಮಾಳಿಗೆ ಹತ್ತಿ ಇಟ್ಟಿಗೆಯ ಗೋಡೆಯನ್ನು ಮೇಲಿನಿಂದ ಕೆಳಗೆ ನೋಡಿದ, ಆಮೇಲೆ ನನ್ನನ್ನು.

“ನನ್ನ ಫೋನ್ ಯಾದ್ ಅದನ?”

“ಅದ.”

“ಬಸ್. ಸ್ಪ್ಯಾನರ್ ತಾ.”

ಪರಸಿ ಕಲ್ಲಿಗೆ ತೂತು ಹಾಕುವಂತಿಲ್ಲ, ಒಡೆದುಹೋಗುತ್ತದೆ. ಕೆಳಗಿನ ಗೋಡೆಗಳ ಗುರಿ ಹಿಡಿದು ಸಿಮೆಂಟಿನ ಗಡ್ಡೆ ಹಾಕಿ, ಅವುಗಳ ಮೇಲೆ ಆಳೆತ್ತರದ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಉತ್ತರದ ಅಂಚಿಗೆ ಆರೂ ಪ್ಯಾನೆಲ್ ಎತ್ತಿ ಕೂಡಿಸಿದೆವು. ಮತ್ತೆ ಸಬ್ಸಿಡಿ ಇಲ್ಲ; ಒಂದು ಮನೆಗೆ ಅದು ಒಂದೇ ಸಲ. ಖರ್ಚು ನಾನು ಹಾಕಿದೆ. ಆ ಖರ್ಚೇ ನನ್ನ ಪ್ರಾಯಶ್ಚಿತ್ತ, ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ತಿರುಗಿ ಬರುವಾಗ ರಶೀದ್ ಭಾಯ್ ಬೈಕಿನ ಹಿಂದೆ ಕುಳಿತು ಕೇಳಿದ. “ಅಕ್ಕಗ ಹೇಳಿದ್ಯಾ?”

“ಕೆಲಸ ಸರಿ ಆಯ್ತಲ್ಲ ಭಾಯ್.”

“ಆಕಿ ನನಗ ಚಾ ಕೊಡೋವಾಗ ಏನಂದ್ಳು ಗೊತ್ತಾ? ‘ನನ್ನ ಕೈಲೇ ಒರಸ್ಲಾಕ ಆಗಲಿಲ್ಲ ಭಯ್ಯಾ, ಪಾಪ ತಮ್ಮ ಮತ್ತ ಬಂದ’ ಅಂದ್ಳು. ಚಾ ಹಂಗೇ ಇಟ್ಟು ಎದ್ದೆ ನಾ.”

ನಾನು ಗಾಡಿಯ ವೇಗ ಹೆಚ್ಚಿಸಿದೆ. ಗಾಳಿಗೆ ಅವನ ಮುಂದಿನ ಮಾತು ಕೇಳಿಸಲಿಲ್ಲ.

ಬಿಲ್ಲು ಮತ್ತೆ ಇಳಿಯಿತು. ಮಷೀನು ಅಕ್ಕನಲ್ಲೇ ಉಳಿಯಿತು. ಯಾರಿಗೂ ಏನೂ ಗೊತ್ತಾಗಲಿಲ್ಲ. ಆದರೆ ನನಗೆ ಒಂದು ಕನಸು ಹತ್ತಿಕೊಂಡಿತು. ಹಗಲಲ್ಲೂ, ಮಾಳಿಗೆಗಳ ಮೇಲೆ ಟೇಪು ಹಿಡಿದು ನಿಂತಾಗಲೂ ಅದು ಬರುತ್ತಿತ್ತು. ಅಕ್ಕ ಒಂದು ದೊಡ್ಡ ನೀಲಿ ನೆಲವನ್ನು ಒರೆಸುತ್ತಿರುತ್ತಾಳೆ. ಅವಳು ಒರೆಸಿದಷ್ಟೂ ನೆಲ ಉದ್ದವಾಗುತ್ತ ಹೋಗುತ್ತದೆ. ನಾನು ಮೆಟ್ಟಿಲ ಮೇಲೆ ನಿಂತಿರುತ್ತೇನೆ. ಸಾಕು ಎನ್ನಲು ದನಿ ಇರುವುದಿಲ್ಲ.

ಈ ಕೆಲಸ ನನಗೆ ಕಲಿಸಿದ್ದೇನು ಎಂದು ಈಗ ಯಾರಾದರೂ ಹೊಸಬರು ಕೇಳಿದರೆ ಮೊದಲು ಹೇಳುವುದು, ನಿಮಗೆ ಚೆನ್ನಾಗಿ ಗೊತ್ತಿರುವ ಮನೆಗೆ ಎರಡು ಸಲ ಹೋಗಿ ಎಂದು. ಪರರ ಮನೆಯಲ್ಲಿ ಕಣ್ಣು ತಾನೇ ತೆರೆದಿರುತ್ತದೆ, ನಮ್ಮ ಮನೆಯಲ್ಲಿ ಅದು ಹಳೆಯದನ್ನೇ ನೋಡುತ್ತದೆ. ಎರಡನೆಯದನ್ನು ಹೊಸಬರಿಗೆ ಹೇಳುವುದಿಲ್ಲ. ತಪ್ಪಿದ ಪ್ಯಾನೆಲ್ಲನ್ನು ಎತ್ತಿ ಬೇರೆ ಕಡೆ ಕೂಡಿಸಿದರೆ ಕರೆಂಟು ಬರುತ್ತದೆ. ಆ ತಪ್ಪನ್ನು ಇನ್ನೊಬ್ಬರ ತಲೆಯ ಮೇಲೆ ಇಟ್ಟಿದ್ದರೆ ಅದು ಅಲ್ಲಿಯೇ ಇರುತ್ತದೆ. ಬಾಯಿ ಬಿಟ್ಟು ಹೇಳಿಯೇ ಅದನ್ನು ಇಳಿಸಬೇಕು.

2025ರ ಬೇಸಿಗೆಯಲ್ಲಿ ಖಾಜಾಬೀಯ ಮನೆಯಿಂದ ಕರೆ ಬಂತು. ಹೊಸ ಮನೆಯ ಮೇಲೆ ಅವರಿಗೂ ಸೋಲಾರ್ ಬೇಕಿತ್ತು. ಹೋದೆ. ಅವರ ಮಾಳಿಗೆ ಹತ್ತಿದರೆ ಅಲ್ಲಿಂದ ಅಕ್ಕನ ಮಾಳಿಗೆ ಕೆಳಗೆ ಪೂರ್ತಿ ಕಾಣುತ್ತಿತ್ತು. ನಡು ಮಧ್ಯಾಹ್ನದ ಬಿಸಿಲು. ಅಕ್ಕ ಕಬ್ಬಿಣದ ಚೌಕಟ್ಟಿಗೆ ಏಣಿ ಹಚ್ಚಿ ಮೇಲಿನ ಮೆಟ್ಟಿಲಲ್ಲಿ ನಿಂತು ಕೋಲಿಗೆ ಅರಿವೆ ಕಟ್ಟಿ ಒರೆಸುತ್ತಿದ್ದಳು. ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುವುದನ್ನು ನಾನು ನೋಡಿದೆ.

ನನ್ನನ್ನು ಕಂಡು ಖಾಜಾಬೀಯ ಮನೆಗೇ ಬಂದಳು. ಉಸಿರು ಬಿಡುತ್ತ ಪಾರಾಪೆಟ್ ಗೋಡೆಗೆ ಒರಗಿದಳು.

ಖಾಜಾಬೀ ಅವಳನ್ನೇ ಕೇಳಿದಳು. “ಬೋಲೋ ಜಗದೇವಿ ಬಾಯಿ, ಹಾಕಿಸ್ಲಾ ಬ್ಯಾಡಾ? ನೀ ಹೇಳ್ದಂಗ.”

“ಹಾಕಿಸ್ಕೋ. ಆದ್ರ ಹಗರ ಕೆಲಸ ಅಲ್ಲ ಅದು” ಎಂದಳು ಅಕ್ಕ. “ದಿನಾ ಎರಡು ಸಲ ಒರಸಬೇಕು. ನಾ ಮೊದ್ಲು ಸರಿ ಒರಸ್ಲಿಲ್ಲ. ಅದಕ್ಕ ಹೋದ ವರ್ಷ ಲುಕ್ಸಾನ ಆಯ್ತು, ಮಷೀನ್ ಮಾರೋ ಹೊತ್ತು ಬಂದಿತ್ತು. ನಮ್ಮ ತಮ್ಮ ಇದ್ದ, ಉಳಿಸ್ದ.”

“ಯಾ ಅಲ್ಲಾ. ದಿನಾ ಎರಡು ಸಲ? ನನ್ನ ಕೈಲೇ ಆಗಲ್ಲಮ್ಮಾ” ಎಂದಳು ಖಾಜಾಬೀ. “ನಕ್ಕೋ, ಬ್ಯಾಡ ಹಂಗಾರ.”

ಅಕ್ಕ ನನ್ನ ಕಡೆ ತಿರುಗಿದಳು. “ನೀ ಹೇಳು ಬಂಡೂ. ನಾ ಹೇಳಿದ್ದು ಖರೇ ಇಲ್ಲೇನು?”

ಟೇಪು ನನ್ನ ಕೈಯಲ್ಲೇ ಇತ್ತು. ಅದನ್ನು ಗೋಡೆಯ ಮೇಲೆ ಇಟ್ಟೆ. ಸೂರ್ಯ ಇನ್ನೂ ಮೇಲೇ ಇದ್ದ, ಮೂವರ ನೆರಳೂ ಕಾಲ ಬುಡದಲ್ಲಿ ಚಿಕ್ಕದಾಗಿ ಕುಳಿತಿದ್ದವು. ಖಾಜಾಬೀಯ ಮುಂದೆ ಹೇಳಬಾರದು, ಅಕ್ಕನನ್ನು ಒಬ್ಬಳನ್ನೇ ಕರೆದು ಹೇಳೋಣ ಎಂದು ಒಂದು ಮನಸ್ಸು ಎಳೆಯಿತು. ಆದರೆ ಅಕ್ಕ ತನ್ನದಲ್ಲದ ತಪ್ಪನ್ನು ಎಲ್ಲರ ಮುಂದೆ ಒಪ್ಪಿಕೊಂಡಿದ್ದಳು.

“ಖರೇ ಅಲ್ಲ ಅಕ್ಕಾ” ಎಂದೆ. “ನೀ ಒರಸೋದ್ರಾಗ ಯಾವತ್ತೂ ಕಮ್ಮಿ ಇರಲಿಲ್ಲ. ಇವರ ಕಂಬದ ಮ್ಯಾಲ ಸರಳು ನಿಂತಾವ, ಮನಿ ಏಳ್ತದ ಅಂತ ರಶೀದ್ ಭಾಯ್ ಹೇಳಿದ್ದ. ನಾ ಬಂದು ನೋಡಲಿಲ್ಲ. ನಿನ್ನ ಒಂದು ಮಾತು ಕೇಳಲಿಲ್ಲ. ಕೂತಲ್ಲೇ ನೆಳ್ಳಿಲ್ಲ ಅಂತ ಬರೆದೆ. ಆ ನೆಳ್ಳಿನ್ಯಾಗ ಪ್ಯಾನೆಲ್ ಕೂತಿದ್ವು, ಅದಕ್ಕ ಬಿಲ್ ಬಂತು. ಅದು ಗೊತ್ತಾದ ಮ್ಯಾಲೂ ಕಂಪನಿ ಡಿಸೈನ್ ಅಂತ ಸುಳ್ಳು ಹೇಳಿದೆ. ನಿನ್ನ ಕೈ ಸಾಲವಲ್ದು ಅಂತ ನೀ ಅಂದ್ಕೊಂಡಿ, ಅನ್ಕೊಳ್ಳಲಿ ಅಂತ ಬಿಟ್ಟೆ. ತಪ್ಪು ಪೂರಾ ನಂದು. ನನ್ನ ಕ್ಷಮಿಸು ಅಕ್ಕಾ.”